ಪುಣಜನೂರಿನ ಕಣಿವೆದಾರಿಯೂ ದಾರಿಬಲ್ಲವರೂ

೧

ಪರ್ವತಯಾತ್ರೆಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಶಿಖರದಿಂದ ಆರಂಭಿಸುತ್ತಾರೆ. ಯಾರು ಏರಿದರು, ಯಾವ ವರ್ಷ ಏರಿದರು, ಎಷ್ಟು ಎತ್ತರಕ್ಕೆ ಏರಿದರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತೊಡನೆ ಚರಿತ್ರಕಾರನ ಕೆಲಸ ಮುಗಿಯಿತೆಂಬ ಭಾವನೆ ಬಲವಾಗಿದೆ. ಆದರೆ ಶಿಖರಕ್ಕಿಂತ ಮೊದಲು ಕಣಿವೆಯಿದೆ. ಕಣಿವೆಯಲ್ಲಿ ನೀರು ಎಲ್ಲಿ ದೊರೆಯುತ್ತದೆ, ರಾತ್ರಿ ಎಲ್ಲಿ ತಂಗಬಹುದು, ಯಾವ ತಿರುವಿನಲ್ಲಿ ಕಾಡುಮೃಗದ ಭಯವಿದೆ, ಮಳೆಗಾಲದಲ್ಲಿ ಯಾವ ಹಳ್ಳವನ್ನು ದಾಟಬಾರದು ಎಂಬುದನ್ನು ಬಲ್ಲವರಿಲ್ಲದೆ ಯಾವ ಸೇನೆಯೂ ಯಾವ ಯಾತ್ರಿಕನೂ ಬೆಟ್ಟದ ಬುಡವನ್ನು ಮುಟ್ಟಿದ್ದಿಲ್ಲ. ಇಂತಹ ದಾರಿಬಲ್ಲವರಿಗೆ ಲಿಖಿತ ಚರಿತ್ರೆಯಲ್ಲಿ ದೊರೆತಿರುವ ಸ್ಥಾನವಾದರೋ ಅತ್ಯಲ್ಪ.

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ಹಾದಿಯಲ್ಲಿ, ಕರ್ನಾಟಕದ ದಕ್ಷಿಣದ ಎಲ್ಲೆಗೆ ಸಮೀಪವಾಗಿರುವ ಪುಣಜನೂರಿನ ಕಣಿವೆಯನ್ನು ಉದಾಹರಣೆಯಾಗಿ ತೆಗೆದುಕೊಂಡು ಈ ಮಾತನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಹೋಲಿಕೆಗಾಗಿ ಹಿಮಾಲಯದ ಖುಂಬು ಕಣಿವೆಯನ್ನೂ ಅಲ್ಲಿಯ ಶೆರ್ಪಾ ಜನರನ್ನೂ ಮೊದಲು ನೋಡುವುದು ಉಪಯುಕ್ತ. ಎರಡು ಕಣಿವೆಗಳಿಗೂ ಎತ್ತರದಲ್ಲಿ ಸಾಮ್ಯವಿಲ್ಲ. ಸಾಮ್ಯವಿರುವುದು ದಾರಿ ನಡೆದವರಿಗೂ ದಾರಿ ತೋರಿದವರಿಗೂ ಇರುವ ಸಂಬಂಧದಲ್ಲಿ.

೨

ಸಾಗರಮಾತಾ ಅಥವಾ ಚೋಮೊಲುಂಗ್ಮಾ ಎಂದು ಅಲ್ಲಿಯ ಜನರು ಕರೆಯುವ ಶಿಖರಕ್ಕೆ ಎವರೆಸ್ಟ್ ಎಂಬ ಹೆಸರು ಬಂದುದು ಭಾರತದ ಮಹಾ ತ್ರಿಕೋನಮಾಪನದ ಫಲವಾಗಿ. ಈ ಮಾಪನದ ಪ್ರಥಮ ಹೆಜ್ಜೆ ಕನ್ನಡ ನಾಡಿನಲ್ಲೇ ಬಿದ್ದಿತೆಂಬುದು ಗಮನಾರ್ಹ. ಟಿಪ್ಪುವಿನ ಪತನವಾದ ಮರುವರ್ಷ, ೧೮೦೦ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಸಮೀಪದ ಬಯಲಿನಲ್ಲಿ ಏಳೂವರೆ ಮೈಲಿಗೆ ತುಸು ಕಡಿಮೆಯಿರುವ ಆಧಾರರೇಖೆಯೊಂದನ್ನು ಅಳೆದನು. ಅನಂತರ ೧೮೦೨ರಲ್ಲಿ ಮದರಾಸಿನಲ್ಲಿ ಮತ್ತೊಂದು ರೇಖೆಯನ್ನು ಅಳೆದು, ಮೈಸೂರು ಸೀಮೆಯ ಬೆಟ್ಟಗಳ ಮೂಲಕ ಪಶ್ಚಿಮ ಕರಾವಳಿಯವರೆಗೆ ತ್ರಿಕೋನಗಳ ಸರಣಿಯನ್ನು ಹಬ್ಬಿಸಿದನು. ಅಲ್ಲಿಂದ ಬೆಳೆದ ಕಾರ್ಯ ಜಾರ್ಜ್ ಎವರೆಸ್ಟನ ಕಾಲದಲ್ಲಿ ಹಿಮಾಲಯದ ತಪ್ಪಲನ್ನು ಮುಟ್ಟಿತು. ಹದಿನೈದನೆಯ ಶಿಖರವೆಂದು ಗುರುತಿಸಲ್ಪಟ್ಟಿದ್ದ ಬೆಟ್ಟವೇ ಲೋಕದಲ್ಲಿ ಅತ್ಯುನ್ನತವೆಂಬ ಗಣನೆ ೧೮೫೨ರ ಸುಮಾರಿನದು. ಅದರ ಕೀರ್ತಿಯನ್ನು ರಾಧಾನಾಥ ಸಿಕದಾರರಿಗೆ ಸಲ್ಲಿಸುವುದು ವಾಡಿಕೆಯಾಗಿದೆ. ೨೯,೦೦೨ ಅಡಿ ಎಂಬ ಎತ್ತರವನ್ನು ಪ್ರಕಟಿಸಿದ್ದು ೧೮೫೬ರಲ್ಲಿ. ಶಿಖರಕ್ಕೆ ಹೆಸರಾಗಿ ನಿಂತವನು ಎವರೆಸ್ಟ್. ಲೆಕ್ಕ ಹಾಕಿದವನ ಹೆಸರು ಪಾಠಪುಸ್ತಕದ ಒಂದು ಮೂಲೆಯಲ್ಲಿದೆ. ಆ ಉಪಕರಣಗಳನ್ನು ಬೆಟ್ಟಬೆಟ್ಟಕ್ಕೆ ಹೊತ್ತವರ ಹೆಸರಂತೂ ಎಲ್ಲಿಯೂ ಇಲ್ಲ.

ಶಿಖರದ ಬುಡಕ್ಕೆ ನಡೆದುಹೋಗುವ ಪ್ರಯತ್ನ ೧೯೨೧ರಲ್ಲಿ ಪ್ರಾರಂಭವಾಯಿತು. ನೇಪಾಳವು ಆಗ ಪರದೇಶಿಯರಿಗೆ ಮುಚ್ಚಿದ್ದುದರಿಂದ ಬ್ರಿಟಿಷರು ಟಿಬೆಟ್ಟಿನ ಮಾರ್ಗವಾಗಿ ಹೋಗಬೇಕಾಯಿತು. ೧೯೨೨ರ ಎರಡನೆಯ ಯಾತ್ರೆಯಲ್ಲಿ ಹಿಮಪಾತಕ್ಕೆ ಸಿಕ್ಕಿ ಮಡಿದ ಏಳು ಮಂದಿಯೂ ಹೊರೆ ಹೊರುವವರೇ. ದಕ್ಷಿಣದ ಖುಂಬು ಕಣಿವೆಯ ಮೂಲಕ ಪಾಶ್ಚಾತ್ಯರ ತಂಡವೊಂದು ಮೊದಲ ಬಾರಿಗೆ ಬೆಟ್ಟದ ಬುಡದತ್ತ ನಡೆದದ್ದು ೧೯೫೦ರಲ್ಲಿ. ೧೯೫೩ರ ಯಾತ್ರೆಯಲ್ಲಿ ಮುನ್ನೂರಕ್ಕೂ ಹೆಚ್ಚು ಕೂಲಿಗಳು ಕಠ್ಮಂಡು ಕಣಿವೆಯಿಂದ ವಾರಗಟ್ಟಲೆ ನಡೆದು ಸಾಮಗ್ರಿಗಳನ್ನು ಮುಟ್ಟಿಸಿದರು. ಆ ವರ್ಷದ ಮೇ ೨೯ರಂದು ಹಿಲರಿಯೊಡನೆ ಶಿಖರದಲ್ಲಿ ನಿಂತ ತೇನ್ಸಿಂಗ್ ನೋರ್ಗೆಯಿಂದಾಗಿ ಶೆರ್ಪಾ ಎಂಬ ಹೆಸರು ಲೋಕಪ್ರಸಿದ್ಧವಾಯಿತು. ಅದಕ್ಕೆ ಮೊದಲಿನ ಮೂವತ್ತೆರಡು ವರ್ಷಗಳಲ್ಲಿ ಅದೇ ಜನ ಅದೇ ಹೊರೆಯನ್ನು ಹೊತ್ತಿದ್ದರು. ಲೋಕ ಅವರನ್ನು ಕಂಡದ್ದು ಅವರಲ್ಲೊಬ್ಬನು ತುದಿಯನ್ನು ಮುಟ್ಟಿದ ಮೇಲೆ.

ಸುಮಾರು ೫,೩೬೦ ಮೀಟರ್ ಎತ್ತರದಲ್ಲಿರುವ ಮೂಲಶಿಬಿರದವರೆಗೆ ಇಂದು ಪ್ರತಿವರ್ಷವೂ ಸಹಸ್ರಾರು ಜನರು ನಡೆಯುತ್ತಾರೆ. ಅವರು ತುಳಿಯುವ ದಾರಿಯಾದರೋ ಯಾತ್ರಿಕರಿಗಾಗಿ ಹುಟ್ಟಿದುದಲ್ಲ. ನಾಮ್ಚೆಯಿಂದ ಎತ್ತರದ ಕಣಿವೆಗಳನ್ನು ದಾಟಿ ಟಿಬೆಟ್ಟಿನೊಡನೆ ಉಪ್ಪು, ಧಾನ್ಯಗಳ ವ್ಯಾಪಾರ ನಡೆಸುತ್ತಿದ್ದವರ ದಾರಿ ಅದು. ಯಾಕ್ ಹಿಂಡುಗಳನ್ನು ಬೇಸಗೆಯ ಹುಲ್ಲುಗಾವಲಿಗೆ ಹೊಡೆದೊಯ್ಯುತ್ತಿದ್ದವರ ದಾರಿ.

೩

ಇನ್ನು ನಮ್ಮ ಕಣಿವೆಗೆ ಬರೋಣ. ಕನ್ನಡದಲ್ಲಿ ‘ಕಣಿವೆ’ ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ: ಎರಡು ಬೆಟ್ಟಗಳ ನಡುವಣ ತಗ್ಗು ಎಂಬುದೊಂದು, ಆ ತಗ್ಗಿನಲ್ಲಿ ಹಾಯುವ ದಾರಿ ಎಂಬುದು ಮತ್ತೊಂದು. ಪುಣಜನೂರಿಗೆ ಈ ಎರಡು ಅರ್ಥಗಳೂ ಒಪ್ಪುತ್ತವೆ. ಅದರ ಒಂದು ಮಗ್ಗುಲಲ್ಲಿ ಬಿಳಿಗಿರಿರಂಗನ ಬೆಟ್ಟಗಳ ಸಾಲು ಉತ್ತರ-ದಕ್ಷಿಣವಾಗಿ ಹಬ್ಬಿದೆ. ಈ ಸಾಲು ಬುಡದಲ್ಲಿ ಸುಮಾರು ೬೦೦ ಮೀಟರಿನಿಂದ ಹಿಡಿದು ಎತ್ತರದ ತುದಿಗಳಲ್ಲಿ ಸುಮಾರು ೧,೮೦೦ ಮೀಟರಿನವರೆಗೆ ಏರುತ್ತದೆ. ಮತ್ತೊಂದು ಮಗ್ಗುಲಲ್ಲಿ ತಾಳಮಲೆಯ ಕಾಡು. ಈ ಸೀಮೆಯ ಗುಡ್ಡಗಳಲ್ಲಿ ಹುಟ್ಟುವ ಸುವರ್ಣಾವತಿಯು, ಅಂದರೆ ಹೊನ್ನುಹೊಳೆಯು, ಉತ್ತರಾಭಿಮುಖವಾಗಿ ಹರಿದು ಕಾವೇರಿಯನ್ನು ಸೇರುತ್ತದೆ. ದಕ್ಷಿಣಕ್ಕೆ ನಡೆದರೆ ಹಾಸನೂರು, ದಿಂಬಂ. ಅಲ್ಲಿಂದ ಇಪ್ಪತ್ತೇಳು ತಿರುವುಗಳಲ್ಲಿ ಘಟ್ಟವಿಳಿದರೆ ಬಣ್ಣಾರಿ ಮತ್ತು ಸತ್ಯಮಂಗಲದ ಬಯಲು.

ಮನುಷ್ಯರಿಗೆ ಮೊದಲೇ ಇಲ್ಲಿ ದಾರಿ ಮಾಡಿದವು ಆನೆಗಳು. ಬಿಳಿಗಿರಿರಂಗನ ಬೆಟ್ಟಗಳಿಂದ ತಾಳಮಲೆಗೆ ಆನೆಗಳು ಹಾಯುವ ಹಾದಿಗಳಲ್ಲಿ ಪುಣಜನೂರಿನದೂ ಒಂದೆಂದು ವನ್ಯಜೀವಿ ಶಾಸ್ತ್ರಜ್ಞರು ಗುರುತಿಸಿದ್ದಾರೆ. ಆನೆ ಕಡಿದಾದ ಏರನ್ನು ನೇರವಾಗಿ ಹತ್ತದೆ ಇಳಿಜಾರನ್ನು ಬಳಸಿ ನಡೆಯುತ್ತದೆ, ನೀರಿನಿಂದ ನೀರಿಗೆ ಸಾಗುತ್ತದೆ. ಆದುದರಿಂದ ಆನೆದಾರಿಯನ್ನು ಅನುಸರಿಸಿದವನಿಗೆ ಬೆಟ್ಟವು ಸುಲಭವಾಗುತ್ತದೆ. ಈ ದಾರಿಗಳನ್ನು ಮೊದಲು ಅನುಸರಿಸಿ, ಎಲ್ಲಿ ಅನುಸರಿಸಬಹುದು ಎಲ್ಲಿ ಬಿಟ್ಟು ಸರಿಯಬೇಕು ಎಂಬುದನ್ನು ತಲೆಮಾರುಗಳಿಂದ ಬಲ್ಲವರು ಸೋಲಿಗರು. ಅವರ ಪೋಡುಗಳು ಈ ಬೆಟ್ಟಗಳಲ್ಲೂ, ಎಲ್ಲೆಯ ಆಚೆಗೆ ಹಾಸನೂರು-ತಾಳಮಲೆಗಳ ಕಡೆಯಲ್ಲೂ ಹರಡಿವೆ.

೪

ಲಿಖಿತ ಆಧಾರಗಳಲ್ಲಿ ಮೊದಲು ಗಮನಿಸಬೇಕಾದದ್ದು ಚಾಮರಾಜನಗರದ ಶಾಸನ. ಈ ಊರಿನ ಹಿಂದಿನ ಹೆಸರು ಅರಕೊತ್ತಾರ ಅಥವಾ ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರು ಇಲ್ಲಿ ಹುಟ್ಟಿದ ತಮ್ಮ ತಂದೆಯ ನೆನಪಿಗಾಗಿ ೧೮೧೮ರಲ್ಲಿ ಇದಕ್ಕೆ ಈಗಿನ ಹೆಸರನ್ನಿಟ್ಟರು. ಇಲ್ಲಿಯ ಪಾರ್ಶ್ವನಾಥ ಬಸದಿಯ ೧೧೧೭ರ ಶಾಸನವು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯನ ದಿಗ್ವಿಜಯವನ್ನು ವರ್ಣಿಸುತ್ತದೆ. ಅವನು ತೋದರನ್ನು ಬೆದರಿಸಿದನು, ಕೊಂಗರನ್ನು ಸೋಲಿಸಿದನು, ನೀಲಗಿರಿಯನ್ನು ವಶಪಡಿಸಿಕೊಂಡನು ಎಂಬುದು ಅದರ ಸಾರಾಂಶ. ತೋದರ ಹೆಸರು ಲಿಖಿತ ರೂಪದಲ್ಲಿ ಮೊದಲು ದೊರೆಯುವುದು ಈ ಶಾಸನದಲ್ಲೇ ಎಂದು ವಿದ್ವಾಂಸರು ಹೇಳುತ್ತಾರೆ. ಬೆಟ್ಟದ ಜನರು ಇಲ್ಲಿ ಚರಿತ್ರೆಯನ್ನು ಪ್ರವೇಶಿಸುವುದು ಬೆದರಿದವರಾಗಿ ಎಂಬುದನ್ನು ಮರೆಯಬಾರದು. ಗೆದ್ದವನ ಹೆಸರೂ ಸೋತವರ ಹೆಸರೂ ಕಲ್ಲಿನ ಮೇಲೆ ನಿಂತುವು. ಗೆಲ್ಲುವುದಕ್ಕಾಗಲಿ ಸೋಲುವುದಕ್ಕಾಗಲಿ ಸೇರದೆ, ದಾರಿಯನ್ನು ಮಾತ್ರ ಬಲ್ಲವರಾಗಿದ್ದವರಿಗೆ ಪ್ರಶಸ್ತಿಯ ಭಾಷೆಯಲ್ಲಿ ಎಡೆಯಿಲ್ಲ.

ಹದಿನೆಂಟನೆಯ ಶತಮಾನದಲ್ಲಿ ಈ ಘಟ್ಟಗಳಿಗೆ ಹೊಸ ಮಹತ್ವ ಬಂದಿತು. ಮೈಸೂರಿನಿಂದ ಕೊಯಮತ್ತೂರಿಗೆ ಇಳಿಯುವ ದಾರಿಗಳಲ್ಲಿ ತಾಳಮಲೆಯಿಂದ ಮೋಯಾರಿನ ಕಡೆಗೆ ಇಳಿಯುವ ಗಜ್ಜಲಹಟ್ಟಿ ಘಟ್ಟವು ಮುಖ್ಯವಾದುದು. ೧೭೯೦ರ ಸೆಪ್ಟೆಂಬರಿನಲ್ಲಿ ಟಿಪ್ಪು ಸುಲ್ತಾನನು ತನ್ನ ಸೇನೆಯೊಡನೆ ಈ ಘಟ್ಟವನ್ನು ಇಳಿದು, ಸತ್ಯಮಂಗಲದ ಬಳಿ ಬೀಡುಬಿಟ್ಟಿದ್ದ ಕರ್ನಲ್ ಫ್ಲಾಯ್ಡನ ಮೇಲೆ ಬಿದ್ದನು; ಫ್ಲಾಯ್ಡ್ ಹಿಮ್ಮೆಟ್ಟಬೇಕಾಯಿತು. ಮೈಸೂರು ಸೇನೆಯ ವೇಗಕ್ಕೆ ಅಮೃತಮಹಲಿನ ಎತ್ತುಗಳು ಕಾರಣವೆಂದು ಯುದ್ಧಚರಿತ್ರೆಗಳು ಸರಿಯಾಗಿಯೇ ಹೇಳುತ್ತವೆ. ತೋಪುಗಳನ್ನೆಳೆದ ಎತ್ತುಗಳಿಗಾದರೂ ಚರಿತ್ರೆಯಲ್ಲಿ ಒಂದು ಮಾತು ಸಂದಿತು.

೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಕೊಯಮತ್ತೂರು ಸೀಮೆ ಕಂಪೆನಿಯ ಆಡಳಿತಕ್ಕೆ ಸೇರಿತು. ಘಟ್ಟದ ಮೇಲಣ ಚಾಮರಾಜನಗರದ ಸೀಮೆ ಮೈಸೂರಿನಲ್ಲೇ ಉಳಿಯಿತು. ಎರಡು ರಾಜ್ಯಗಳ ನಡುವಣ ಗಡಿ ಹೀಗೆ ಒಂದೇ ಕಾಡಿನ ನಡುವೆ ಹಾಯ್ದಿತು. ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲವು ಮೈಸೂರಿಗೆ ಬಂದರೂ ಕನ್ನಡ ಮಾತನಾಡುವ ತಾಳವಾಡಿಯ ಪ್ರದೇಶವು ಆಚೆಗೇ ಉಳಿಯಿತು. ಹಾಸನೂರು ಘಟ್ಟದ ರಸ್ತೆ ಬಂಡಿಗಳಿಗೆ ಅನುಕೂಲವಾದಂತೆ ಗಜ್ಜಲಹಟ್ಟಿ ಹಾದಿಯ ಪ್ರಾಮುಖ್ಯ ಕುಗ್ಗಿ, ಪುಣಜನೂರಿನ ಹಾದಿಯೇ ಹೆದ್ದಾರಿಯಾಯಿತು.

೫

ಸೋಲಿಗರ ಬಗ್ಗೆ ಪಾಶ್ಚಾತ್ಯರ ಬರವಣಿಗೆ ಹತ್ತೊಂಬತ್ತನೆಯ ಶತಮಾನದ ಆರಂಭದಿಂದಲೇ ದೊರೆಯುತ್ತದೆ. ೧೮೦೦-೦೧ರಲ್ಲಿ ಈ ಪ್ರಾಂತಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ೧೮೦೭ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಇವರ ಆಡುನುಡಿ ಕನ್ನಡದ ಹಳೆಯ ರೂಪವೆಂದೂ, ಇವರು ಬಾಳೆಯೆಲೆಗಳನ್ನು ಹಾಸಿ ಹೊದೆದು ಬೆಂಕಿಯ ಸುತ್ತ ಮಲಗುವರೆಂದೂ ಬರೆದಿದ್ದಾನೆ. ಅವನ ದೃಷ್ಟಿ ಬಡತನದ ಮೇಲೆ ನಿಂತಿತು. ಚಳಿಯ ಬೆಟ್ಟದಲ್ಲಿ, ಆನೆ ಹುಲಿಗಳ ನಡುವೆ, ಹೊರೆಯಿಲ್ಲದೆ ರಾತ್ರಿ ಕಳೆಯುವ ವಿದ್ಯೆಯೂ ಅದೇ ಬಾಳೆಯೆಲೆಯಲ್ಲಿ ಅಡಗಿತ್ತೆಂಬುದು ಅವನಿಗೆ ತೋರಲಿಲ್ಲ. ಹಿಮಾಲಯದ ಯಾತ್ರೆಯೊಂದಕ್ಕೆ ಡೇರೆಗಳನ್ನು ಹೊರಲು ನೂರಾರು ಜನ ಬೇಕಾದುದನ್ನು ನೆನೆದರೆ ಈ ವಿದ್ಯೆಯ ಬೆಲೆ ತಿಳಿಯುತ್ತದೆ.

ಮೈಸೂರು ಸರ್ಕಾರದಲ್ಲಿ ನಾಲೆಗಳ ಅಧಿಕಾರಿಯಾಗಿದ್ದ ಜಿ. ಪಿ. ಸ್ಯಾಂಡರ್ಸನ್ ೧೮೭೪ರಲ್ಲಿ ಚಾಮರಾಜನಗರದ ಸಮೀಪದಲ್ಲಿ ಖೆಡ್ಡಾ ನಡೆಸಿ ಯಶಸ್ವಿಯಾದನು. ೧೮೭೮ರಲ್ಲಿ ಪ್ರಕಟವಾದ ಅವನ ಗ್ರಂಥವು ಬಿಳಿಗಿರಿರಂಗನ ಬೆಟ್ಟಗಳ ಬೇಟೆಯ ವೃತ್ತಾಂತಗಳಿಗೆ ಪ್ರಸಿದ್ಧವಾಗಿದೆ. ಮೃಗಗಳ ಹೆಜ್ಜೆ ಹಿಡಿದು ನಡೆಯುವುದರಲ್ಲಿ ಸೋಲಿಗರಿಗಿದ್ದ ನೈಪುಣ್ಯವನ್ನು ಅವನು ಮೆಚ್ಚಿದ್ದಾನೆ. ಈ ಮೆಚ್ಚುಗೆ ನಿಜವಾದುದು. ಆದರೂ ಅದು ಬೇಟೆಗಾರನು ತನ್ನ ಸಹಾಯಕನಿಗೆ ತೋರುವ ಮೆಚ್ಚುಗೆ. ಹೆಜ್ಜೆಯನ್ನು ಓದಬಲ್ಲವನು ಕಾಡನ್ನೂ ಓದಬಲ್ಲನೆಂದು, ಆ ಓದು ಒಂದು ಶಾಸ್ತ್ರವೆಂದು ಒಪ್ಪಲು ಇನ್ನೂ ನೂರು ವರ್ಷ ಬೇಕಾಯಿತು.

೬

ಲಿಖಿತ ಆಧಾರಗಳು ಮೌನವಾಗಿರುವಲ್ಲಿ ಜಾನಪದವು ಬಾಯಿ ತೆರೆಯುತ್ತದೆ. ಬಿಳಿಗಿರಿ ರಂಗನಾಥನು ಸೋಲಿಗರ ಹೆಣ್ಣು ಕುಸುಮಾಲೆಯನ್ನು ಒಲಿದು ಮದುವೆಯಾದನೆಂಬ ಕಥೆ ಈ ಸೀಮೆಯಲ್ಲೆಲ್ಲ ಪ್ರಚಲಿತವಾಗಿದೆ. ಆದುದರಿಂದಲೇ ಸೋಲಿಗರಿಗೆ ದೇವರು ‘ರಂಗಭಾವ’ನಾಗಿದ್ದಾನೆ. ಮಲೆಯ ಮಾದೇಶ್ವರನ ಮಹಾಕಾವ್ಯದಲ್ಲಿ ಕಂಸಾಳೆಯವರು ಹಾಡುವ ಸಂಕಮ್ಮನ ಸಾಲು ಸೋಲಿಗ ನೀಲೇಗೌಡ ಮತ್ತು ಅವನ ಹೆಂಡತಿ ಸಂಕಮ್ಮನ ಕಥೆ. ಶಾಸನದಲ್ಲಾಗಲಿ ದಂಡಯಾತ್ರೆಯ ವರದಿಯಲ್ಲಾಗಲಿ ದೊರೆಯದ ಸೋಲಿಗರ ಹೆಸರುಗಳು ಇಲ್ಲಿ ದೊರೆಯುತ್ತವೆ. ಅಷ್ಟೇ ಅಲ್ಲ, ಬೆಟ್ಟದಲ್ಲಿ ನೆಲೆಸಬಯಸುವ ದೇವರೂ ಸೋಲಿಗರ ಮನೆಯ ಬಾಗಿಲಿಗೆ ಬರಬೇಕಾಗುತ್ತದೆ. ಬೆಟ್ಟವು ಯಾರದೆಂಬ ಪ್ರಶ್ನೆಗೆ ಜನಪದರು ಕೊಟ್ಟ ಉತ್ತರ ಇದೆಂದು ತಿಳಿಯಬಹುದು.

ಬಿಳಿಗಿರಿರಂಗನಿಗೆ ದೊಡ್ಡ ಚರ್ಮದ ಮೆಟ್ಟುಗಳನ್ನು ಒಪ್ಪಿಸುವ ಪದ್ಧತಿಯನ್ನೂ ಇಲ್ಲಿ ನೆನೆಯಬೇಕು. ದೇವರು ರಾತ್ರಿಯೆಲ್ಲ ಕಾಡಿನಲ್ಲಿ ನಡೆಯುವುದರಿಂದ ಮೆಟ್ಟುಗಳು ಸವೆಯುತ್ತವೆ, ಹೊಸವನ್ನು ಮಾಡಿಕೊಡಬೇಕು ಎಂಬುದು ನಂಬಿಕೆ. ಕುಳಿತಲ್ಲೇ ಪೂಜೆಗೊಳ್ಳುವ ದೇವರಲ್ಲ ಇವನು. ಬೆಟ್ಟವನ್ನು ಕಾಲಿನಿಂದ ಬಲ್ಲವನು. ಸೋಲಿಗರ ನೆಲೆಯ ಕಲ್ಪನೆಯೂ ಇದಕ್ಕೆ ಹೊಂದುತ್ತದೆ. ಅವರ ಒಂದೊಂದು ಕುಲಕ್ಕೂ ಕಾಡಿನಲ್ಲಿ ಅದರದೇ ಎಲ್ಲೆಯಿದೆ. ಒಂದೊಂದು ಎಲ್ಲೆಯಲ್ಲೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪೂಜಾಸ್ಥಾನಗಳಿವೆ. ಈ ಶತಮಾನದ ಮೊದಲ ದಶಕದಲ್ಲಿ ಸೋಲಿಗ ಹಿರಿಯರೂ ಪರಿಸರ ಸಂಶೋಧಕರೂ ಜೊತೆಗೂಡಿ ಕಾಡಿನಲ್ಲಿ ನಡೆದು ಇಂತಹ ನೂರಾರು ಸ್ಥಳಗಳನ್ನು ನಕ್ಷೆಯ ಮೇಲೆ ಗುರುತಿಸಿದರು. ಲ್ಯಾಂಬ್ಟನ್ನನ ತ್ರಿಕೋನಗಳು ಬೆಟ್ಟಗಳ ತುದಿಗಳನ್ನು ಜೋಡಿಸಿದುವು. ಈ ನಕ್ಷೆಯಾದರೋ ನೀರು, ಮರ, ಕಲ್ಲು, ಸಮಾಧಿಗಳನ್ನು ಜೋಡಿಸುತ್ತದೆ. ಮೊದಲನೆಯದು ದೂರದಿಂದ ನೋಡಿದವರ ನಕ್ಷೆ, ಎರಡನೆಯದು ನಡೆದವರ ನಕ್ಷೆ.

೭

ಇಷ್ಟು ಹೇಳಿದ ಮೇಲೆ ಇತ್ತೀಚಿನ ಚರಿತ್ರೆಯನ್ನು ನೋಡದಿರಲಾಗದು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕ, ೧೯೭೪ರಲ್ಲಿ ಬಿಳಿಗಿರಿರಂಗನ ಬೆಟ್ಟಗಳನ್ನು ಅಭಯಾರಣ್ಯವೆಂದು ಘೋಷಿಸಲಾಯಿತು. ೧೯೮೭ರಲ್ಲಿ ಅದರ ವಿಸ್ತೀರ್ಣವನ್ನು ಹೆಚ್ಚಿಸಲಾಯಿತು. ಬೇಟೆಯೂ ಕುಮರಿ ಬೇಸಾಯವೂ ನಿಷಿದ್ಧವಾದುವು. ಕಾಡಿನ ಒಳಗಿದ್ದ ಅನೇಕ ಕುಟುಂಬಗಳನ್ನು ಅಂಚಿನ ಪೋಡುಗಳಿಗೆ ಸಾಗಿಸಲಾಯಿತು. ಜೇನು, ನೆಲ್ಲಿ, ಸೀಗೆ, ಪಾಚಿಗಳನ್ನು ಸಂಗ್ರಹಿಸಿ ಸಹಕಾರ ಸಂಘಗಳ ಮೂಲಕ ಮಾರುವುದಷ್ಟೇ ಅವರಿಗೆ ಉಳಿದ ಕಾಡಿನ ಸಂಬಂಧವಾಗಿತ್ತು. ೨೦೦೬ರ ಹೊತ್ತಿಗೆ ಆ ಸಂಗ್ರಹಕ್ಕೂ ತಡೆ ಬಿದ್ದಿತು. ದಾರಿಯನ್ನು ಬಲ್ಲವರೇ ದಾರಿಗೆ ಕಾಲಿಡಲು ಅಪ್ಪಣೆ ಬೇಡುವಂತಾಯಿತು.

ನಡಿಗೆ ನಿಂತುದರ ಪರಿಣಾಮ ಕಾಡಿನ ಮೇಲೂ ಆಯಿತು. ಸೋಲಿಗರು ವರ್ಷದ ಆರಂಭದಲ್ಲಿ, ಹುಲ್ಲು ಪೂರ್ತಿ ಒಣಗುವ ಮೊದಲೇ, ನೆಲದ ಮೇಲಣ ತರಗನ್ನು ಹಗುರವಾಗಿ ಸುಡುತ್ತಿದ್ದರು; ಇದನ್ನು ‘ತರಗುಬೆಂಕಿ’ ಎನ್ನುತ್ತಾರೆ. ಅದು ನಿಂತ ಮೇಲೆ ಲಂಟಾನ ಬೆಳೆದು ಹಳೆಯ ಕಾಲುದಾರಿಗಳನ್ನು ಮುಚ್ಚಿತೆಂದು ಹಿರಿಯರು ಹೇಳುತ್ತಾರೆ. ಈ ಕಾಡಿನಲ್ಲಿ ನಡೆದ ವೈಜ್ಞಾನಿಕ ಅಧ್ಯಯನಗಳೂ ಅವರ ಮಾತನ್ನು ಗಂಭೀರವಾಗಿ ಪರಿಗಣಿಸಿವೆ. ದಾರಿ ಎಂಬುದು ಒಮ್ಮೆ ಕಡಿದು ಬಿಟ್ಟರೆ ಉಳಿಯುವ ವಸ್ತುವಲ್ಲ. ಅದು ನಡೆಯುವವರಿದ್ದರೆ ಇರುತ್ತದೆ, ಇಲ್ಲವಾದರೆ ಅಳಿಯುತ್ತದೆ.

ಖುಂಬು ಕಣಿವೆಯ ಅನುಭವ ಇಲ್ಲಿ ಬೋಧಪ್ರದವಾಗಿದೆ. ಬಿಳಿಗಿರಿರಂಗನ ಬೆಟ್ಟಗಳು ಅಭಯಾರಣ್ಯವಾದ ಎರಡು ವರ್ಷಗಳಲ್ಲೇ, ೧೯೭೬ರಲ್ಲಿ, ಅಲ್ಲಿ ಸಾಗರಮಾತಾ ರಾಷ್ಟ್ರೀಯ ಉದ್ಯಾನ ಸ್ಥಾಪಿತವಾಯಿತು. ಸೌದೆ ಕಡಿಯುವುದಕ್ಕೆ ನಿರ್ಬಂಧ ಬಂದಾಗ ಶೆರ್ಪಾ ಜನರು ಅಸಮಾಧಾನಗೊಂಡರು. ಕಾಡನ್ನು ಕಾಯಲು ಅವರ ಹಳ್ಳಿಗಳಲ್ಲೇ ನೇಮಕವಾಗುತ್ತಿದ್ದ ಕಾವಲುಗಾರರ ಹಳೆಯ ವ್ಯವಸ್ಥೆಗೆ ಪೆಟ್ಟು ಬಿದ್ದಿತೆಂಬ ಟೀಕೆಯೂ ಇದೆ. ಆದರೂ ಹಳ್ಳಿಗಳನ್ನು ಎತ್ತಿಸಲಿಲ್ಲ; ಉದ್ಯಾನದ ನಡುವೆಯೇ ಅವುಗಳನ್ನು ಉಳಿಸಿಕೊಳ್ಳಲಾಯಿತು. ದಾರಿಯ ಮೇಲಣ ಮನೆಗಳೇ ಯಾತ್ರಿಕರ ತಂಗುದಾಣಗಳಾದುವು. ಹೊರೆ ಹೊರುವವರ ಸಾವುನೋವುಗಳು ಮುಗಿದಿಲ್ಲ, ಲಾಭದ ಹಂಚಿಕೆಯೂ ಸಮವಲ್ಲ. ಆದರೆ ಅಲ್ಲಿ ದಾರಿಯೂ ದಾರಿಬಲ್ಲವರೂ ಬೇರೆಯಾಗಲಿಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ಆದುದು ಅದೇ ಅಗಲಿಕೆ.

ಆ ಅಗಲಿಕೆಯನ್ನು ಸರಿಪಡಿಸುವ ಯತ್ನವೂ ನಡೆದಿದೆ. ೨೦೦೬ರ ಅರಣ್ಯಹಕ್ಕು ಕಾಯಿದೆಯ ಆಧಾರದ ಮೇಲೆ ಸೋಲಿಗರು ತಮ್ಮ ಸಮುದಾಯದ ಹಕ್ಕನ್ನು ಕೇಳಿದರು. ೨೦೧೧ರ ಜನವರಿಯಲ್ಲಿ ಈ ಅಭಯಾರಣ್ಯವು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಇಪ್ಪತ್ತೈದು ಗ್ರಾಮಸಭೆಗಳಿಗೆ ಸಮುದಾಯ ಅರಣ್ಯಹಕ್ಕುಗಳು ದೊರೆತುವು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಇಂತಹ ಹಕ್ಕಿಗೆ ಮನ್ನಣೆ ದೊರೆತದ್ದು ದೇಶದಲ್ಲೇ ಅದು ಮೊದಲು. ಸೋಲಿಗರು ಸಲ್ಲಿಸಿದ ಬೇಡಿಕೆಗೆ, ನಡೆದು ಗುರುತಿಸಿದ ತಮ್ಮ ಪೂಜಾಸ್ಥಾನಗಳೂ ಎಲ್ಲೆಗಳೂ ಬೆಂಬಲವಾಗಿ ನಿಂತುವು. ಜಾನಪದವೆಂದು ಬದಿಗಿರಿಸಿದ್ದುದು ಹೀಗೆ ದಾಖಲೆಯಾಗಿ ಪರಿಣಮಿಸಿತು.

೮

ಮೇಲಿನ ವಿವೇಚನೆಯಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಪುಣಜನೂರಿನ ಕಣಿವೆಯನ್ನು ಸೇನಾನಿ, ಸುಲ್ತಾನ, ಪ್ರವಾಸಿ, ಬೇಟೆಗಾರ, ಅರಣ್ಯಾಧಿಕಾರಿ ಎಲ್ಲರೂ ದಾಟಿದ್ದಾರೆ. ಅವರ ದಾಖಲೆಗಳು ನಮ್ಮ ಗ್ರಂಥಾಲಯಗಳಲ್ಲಿವೆ. ದಾಟದೆ ಅಲ್ಲಿಯೇ ಇದ್ದವರ ದಾಖಲೆ ಹಾಡಿನಲ್ಲಿ, ಕುಲದ ಎಲ್ಲೆಯಲ್ಲಿ, ಕಾಲುದಾರಿಯ ಹೆಸರಿನಲ್ಲಿ ಉಳಿದಿದೆ. ಮೊದಲನೆಯ ಬಗೆಯ ದಾಖಲೆಗಳನ್ನು ಮಾತ್ರ ಆಧಾರವೆಂದು ಕರೆದು ಎರಡನೆಯದನ್ನು ಕಥೆಯೆಂದು ತಳ್ಳುವ ಪದ್ಧತಿ ಚರಿತ್ರಶಾಸ್ತ್ರದ ದೃಷ್ಟಿಯಿಂದಲೂ ದೋಷಯುಕ್ತ. ೨೦೧೧ರ ತೀರ್ಮಾನವು ತೋರಿಸಿದಂತೆ, ಈ ಆಧಾರಗಳ ಮೇಲೆ ಜನರ ಬಾಳೇ ನಿಂತಿದೆ.

ಹೊಸ ಸಂಶೋಧಕರು ಮಾಡಬೇಕಾದ ಕೆಲಸ ಇಲ್ಲಿ ಬಹಳವಿದೆ. ಎಲ್ಲೆಯ ಈಚೆಯ ಪೋಡುಗಳ ಸೋಲಿಗರೂ ಆಚೆಯ ಹಾಸನೂರು-ತಾಳಮಲೆಗಳ ಸೋಲಿಗರೂ ಒಂದೇ ಕಾಡಿನ ದಾರಿಗಳನ್ನು ಬಲ್ಲವರು. ಎರಡು ರಾಜ್ಯಗಳ ದಾಖಲೆಗಳಲ್ಲಿ ಹರಿದುಹೋಗಿರುವ ಈ ದಾರಿಗಳ ಹೆಸರುಗಳನ್ನು ಹಿರಿಯರು ಇರುವಾಗಲೇ ಸಂಗ್ರಹಿಸಬೇಕು. ಯಾವ ಕಲ್ಲಿಗೆ ಯಾವ ಹೆಸರು, ಯಾವ ಅಬ್ಬಿಯ ನೀರು ಬೇಸಗೆಯಲ್ಲೂ ಬತ್ತದು, ಯಾವ ಆನೆದಾರಿಯನ್ನು ಯಾವ ತಿಂಗಳಲ್ಲಿ ಬಿಡಬೇಕು ಎಂಬುದನ್ನು ಅವರಿಂದ ಕೇಳಿ ಬರೆದುಕೊಳ್ಳಬೇಕು. ಹೇಳಿದವರ ಹೆಸರನ್ನು, ಅವರ ಒಪ್ಪಿಗೆ ಪಡೆದು, ಬರಹದ ಮೊದಲಲ್ಲೇ ನಮೂದಿಸಬೇಕು. ಅದಕ್ಕೆ ವಾಚನಾಲಯದ ಕುರ್ಚಿ ಸಾಲದು. ಮುಂದೆ ನಡೆಯುವವರು ಸೋಲಿಗರೇ ಆಗಿರಬೇಕು. ವಿದ್ಯಾರ್ಥಿಯು ಅವರ ಹಿಂದೆ ನಡೆಯಬೇಕು.